ತೊಂಬತ್ತೊಂದು ಕೆ.ಜಿ. ಮೇಲ್ಪಟ್ಟವನು

ವೀರಬಸಪ್ಪನ ಮನೆಯಲ್ಲಿ ಹದಿನಾಲ್ಕು ಕಂಚಿನ ಪದಕಗಳಿದ್ದವು. ಅವುಗಳಲ್ಲಿ ಒಂದನ್ನೂ ಅವನು ಹೊಡೆದಾಡಿ ಗೆದ್ದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಗೊರಗುಂಟೆಪಾಳ್ಯದ ವಠಾರದಲ್ಲಿ ಅವನ ಹೆಂಡತಿ ಸಂಗವ್ವನನ್ನು ಕೇಳಿದ್ದರೆ ನಿಮಗೆ ಬೇರೆಯೇ ಕಥೆ ಸಿಗುತ್ತಿತ್ತು. ಪದಕಕ್ಕೊಬ್ಬನಂತೆ ಹದಿನಾಲ್ಕು ಜನ ಗಟ್ಟಿ ಆಳುಗಳಿಗೆ ತನ್ನ ಗಂಡ ಮಣ್ಣು ಮುಕ್ಕಿಸಿದ್ದಾನೆ ಎಂದು ಆಕೆ ನಂಬಿದ್ದಳು. ದೇವರ ಜಗುಲಿಯ ಮೇಲೆ ಮೊಳೆ ಹೊಡೆದು ಅವನ್ನು ತೂಗುಹಾಕಿದ್ದಳು. ಹಬ್ಬ ಬಂತೆಂದರೆ ಹಿತ್ತಾಳೆ ದೀಪಗಳ ಜೊತೆಗೆ ಅವಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು.

ವಿಷಯ ಇಷ್ಟೇ. ಬಾಕ್ಸಿಂಗಿನಲ್ಲಿ ತೂಕ ನೋಡಿ ಜೋಡಿ ಕಟ್ಟುತ್ತಾರೆ. ಐವತ್ತು ಕಿಲೋ ಆಸುಪಾಸಿನ ವರ್ಗಗಳಿಗೆ ಸೀಮೆಎಣ್ಣೆ ಅಂಗಡಿಯ ಮುಂದೆ ನಿಂತಹಾಗೆ ಜನ ಸಾಲು ನಿಂತಿರುತ್ತಾರೆ. ಮೇಲೆ ಮೇಲೆ ಹೋದಹಾಗೆ ಸಾಲು ಕರಗುತ್ತದೆ. ಎಲ್ಲಕ್ಕಿಂತ ಭಾರದ ವರ್ಗದಲ್ಲಿ ನಾಲ್ಕು ಜನ ಸಿಕ್ಕರೆ ಸಂಘಟಕರು ದೇವರಿಗೆ ಕೈ ಮುಗಿಯಬೇಕು. ನಮ್ಮ ದೇಶದಲ್ಲಿ ಉಂಡು ದಪ್ಪಗಾದವರು ಗುದ್ದಾಡುವುದಿಲ್ಲ, ಗುದ್ದಾಡುವವರಿಗೆ ಅಷ್ಟು ಊಟ ಸಿಗುವುದಿಲ್ಲ. ನಾಲ್ಕೇ ಜನ ಇದ್ದರೆ ಎಲ್ಲರೂ ಆಡದೆಯೇ ಸೆಮಿಫೈನಲಿಗೆ ಬಂದಂತೆ. ಅಲ್ಲಿ ಸೋತ ಇಬ್ಬರಿಗೂ ಕಂಚು ಕೊಡುವುದು ಆ ಆಟದ ರೂಢಿ. ವೀರಬಸಪ್ಪ ಹೋಗುತ್ತಿದ್ದ, ಬೆಂಚಿನ ಮೇಲೆ ಕೂತಿರುತ್ತಿದ್ದ, ಸೆಮಿಫೈನಲಿನ ಎರಡನೇ ಸುತ್ತಿನಲ್ಲಿ ಯಾವನೋ ಪಂಜಾಬಿ ಸೈನಿಕನ ಕೈಲಿ ಹುಬ್ಬು ಒಡೆಸಿಕೊಂಡು ಇಳಿಯುತ್ತಿದ್ದ, ಸಂಜೆ ಕೊರಳೊಡ್ಡಿ ಪದಕ ಹಾಕಿಸಿಕೊಳ್ಳುತ್ತಿದ್ದ. ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆಯವರು ಅವಕ್ಕೆ ‘ಕೂತ ಪದಕ’ ಎಂದು ಹೆಸರಿಟ್ಟಿದ್ದರು.

ಅವನು ಬಾಕ್ಸಿಂಗಿನವನೇ ಅಲ್ಲ. ಬೈಲಹೊಂಗಲದ ಕಡೆಯ ಪೈಲ್ವಾನ. ಉಸ್ತಾದ ಅಪ್ಪಾಸಾಹೇಬನ ಗರಡಿಯಲ್ಲಿ ಎಂಟನೇ ವಯಸ್ಸಿಗೆ ಕೆಂಪು ಮಣ್ಣಿಗೆ ಇಳಿದವನು. ಆ ಗರಡಿಯಲ್ಲಿ ಒಂದು ಪದ್ಧತಿಯಿತ್ತು. ಎರಡೂ ಭುಜ ಮಣ್ಣಿಗೆ ಹತ್ತಿ ಚಿತ್ ಆದವನು ತಾನೇ ಎದ್ದು, ಗೆದ್ದವನ ಕೈ ಹಿಡಿದು ಜನರ ಮುಂದೆ ಮೇಲೆತ್ತಬೇಕು. ಪಂಚರು ಹೇಳುವವರೆಗೆ ಕಾಯುವಂತಿಲ್ಲ. ಮತ್ತೊಬ್ಬ ಹೇಳಿದ ಮೇಲೆ ಸೋಲು ಒಪ್ಪುವವನು ಪೈಲ್ವಾನನಲ್ಲ ಎಂಬುದು ಅಪ್ಪಾಸಾಹೇಬನ ಮಾತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯವರಿಗೆ ಆ ಗರಡಿಯಲ್ಲಿ ಜಾಗವಿರಲಿಲ್ಲ. ಈ ಪದ್ಧತಿಯನ್ನು ಚಾಚೂ ತಪ್ಪದೆ ನಡೆಸಿದ್ದಕ್ಕೇ ಉಸ್ತಾದ ತನ್ನ ಮಗಳು ಸಂಗವ್ವನನ್ನು ವೀರಬಸಪ್ಪನಿಗೆ ಕೊಟ್ಟ.

ಎಪ್ಪತ್ತಾರರಲ್ಲಿ ಅವನು ಕೆಲಸ ಹುಡುಕಿಕೊಂಡು ಯಶವಂತಪುರಕ್ಕೆ ಬಂದ. ತುಮಕೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಆಟಗಾರರನ್ನು ತೆಗೆದುಕೊಳ್ಳುತ್ತಾರೆಂದು ಯಾರೋ ಹೇಳಿದ್ದರು. ಅಲ್ಲಿನ ಸಿಬ್ಬಂದಿ ಅಧಿಕಾರಿ ರಾಮಕೃಷ್ಣಪ್ಪ ಅವನ ಎದೆಯ ಅಗಲವನ್ನು ಎತ್ತು ಕೊಳ್ಳುವವನ ಹಾಗೆ ನೋಡಿದರು.

“ಕುಸ್ತಿ ಟೀಮ್ ನಮ್ಮಲ್ಲಿಲ್ಲ ಪೈಲ್ವಾನ್ರೇ, ಬಾಕ್ಸಿಂಗ್ ಇದೆ,” ಎಂದರು. “ಎರಡೂ ಹೊಡೆದಾಟಾನೇ ಅಲ್ವಾ? ಸೇರ್ಕೊಳ್ಳಿ.”

ಕೈಮಗ್ಗ ನೇಯುವವನನ್ನು ಹಿಡಿದು, ಅದೂ ನೂಲು ಇದೂ ನೂಲು, ಮೀನಿನ ಬಲೆ ಹೆಣೆ ಎಂದಹಾಗಾಯಿತು. ಆದರೆ ಹೊಟ್ಟೆಪಾಡು ಯಾವ ವಾದವನ್ನೂ ಕೇಳುವುದಿಲ್ಲ. ವೀರಬಸಪ್ಪ ಕುಲುಮೆ ವಿಭಾಗದಲ್ಲಿ ಕೆಲಸಕ್ಕೆ ಸೇರಿದ, ಸಂಜೆ ಗ್ಲೌಸು ಕಟ್ಟಿಕೊಂಡ.

ಕಲಿಸಲು ಬರುತ್ತಿದ್ದವರು ಆರ್.ಟಿ. ನಗರದ ಮೊಯಿನುದ್ದೀನ್, ಸೈನ್ಯದಲ್ಲಿ ಬಾಕ್ಸಿಂಗ್ ಆಡಿ ನಿವೃತ್ತರಾದವರು. ಅವರು ಒಂಬತ್ತು ವರ್ಷ ಒಂದೇ ಮಾತನ್ನು ಹೇಳಿದರು: “ಹಿಡ್ಕೋಬೇಡ ಕಣಪ್ಪ, ಹೊಡಿ.” ವೀರಬಸಪ್ಪನ ಕೈಗಳಿಗೆ ಎದುರಾಳಿ ಹತ್ತಿರ ಬಂದರೆ ಸೊಂಟ ಹುಡುಕುವ ಚಾಳಿ. ಅದು ಹೋಗಲು ಮೂರು ವರ್ಷ ಹಿಡಿಯಿತು. ಹೋಗುವಷ್ಟರಲ್ಲಿ ಅವನಿಗೆ ಮೂವತ್ತು ದಾಟಿತ್ತು, ಎಡಗಿವಿಯಲ್ಲಿ ಸದಾ ಜೀರುಂಡೆ ಕೂಗುತ್ತಿತ್ತು.

ದಿನಚರಿ ಕೇಳಿದರೆ ನಮಗೇ ಸುಸ್ತಾಗುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಮಾಕಳಿಯ ಕಡೆಗೆ ಓಟ. ಏಳರಿಂದ ಮೂರೂವರೆಯವರೆಗೆ ಕುಲುಮೆಯ ಮುಂದೆ ಕೆಂಪಗೆ ಕಾದ ಕಬ್ಬಿಣ ಇಕ್ಕಳದಲ್ಲಿ ಹಿಡಿದು ಎತ್ತಿಡುವ ಕೆಲಸ. ನಾಲ್ಕರಿಂದ ಆರೂವರೆಯವರೆಗೆ ಮೊಯಿನುದ್ದೀನರ ಬೈಗುಳ. ಎರಡು ಸಲ ಬಿಡುತ್ತೇನೆಂದು ಹೇಳಿ ನೋಡಿದ. ಎರಡು ಸಲವೂ ರಾಮಕೃಷ್ಣಪ್ಪ ಕೂರಿಸಿ ಚಹಾ ತರಿಸಿ, “ನಿಮ್ಮ ಕಂಚಿನ ಪಾಯಿಂಟ್ ಸೇರಿದ್ರೇನೇ ಕಣ್ರೀ ನಮ್ಗೆ ಟೀಮ್ ಟ್ರೋಫಿ ಬರೋದು,” ಎಂದರು. ಎಂಬತ್ತೆರಡರಲ್ಲಿ ತೊಂಬತ್ತೊಂದು ಕಿಲೋ ಮೇಲ್ಪಟ್ಟವರದೆಂದು ಹೊಸ ವರ್ಗ ಮಾಡಿದಾಗ, ಇಡೀ ಕಾರ್ಖಾನೆಯಲ್ಲಿ ಆ ತೂಕದ ಹತ್ತಿರ ಬರುತ್ತಿದ್ದವರು ಇಬ್ಬರು: ವೀರಬಸಪ್ಪ, ಮತ್ತು ಕ್ಯಾಂಟೀನಿನ ಅಡುಗೆಭಟ್ಟರು. ಭಟ್ಟರು ಒಪ್ಪಲಿಲ್ಲ.

ದಣಿದಿದ್ದ, ನಿಜ. ಆದರೆ ಒಂದು ಆಸೆ ಮಾತ್ರ ಒಳಗೆ ಕೂತುಬಿಟ್ಟಿತ್ತು. ಆಟ ಮುಗಿದ ಮೇಲೆ ರೆಫರಿ ಇಬ್ಬರ ಕೈಯನ್ನೂ ಹಿಡಿದು ನಡುವೆ ನಿಂತು, ಗೆದ್ದವನ ಕೈಯನ್ನು ಮೇಲಕ್ಕೆತ್ತುತ್ತಾನಲ್ಲ, ಆ ಕೈ ಒಂದು ಸಲ ತನ್ನದಾಗಬೇಕು. ಒಂದೇ ಒಂದು ಸಲ. ಆಮೇಲೆ ಗ್ಲೌಸನ್ನು ಮೊಳೆಗೆ ನೇತುಹಾಕಿ ಕೈ ತೊಳೆದುಕೊಳ್ಳುವುದು. ಒಂಬತ್ತು ವರ್ಷ ಅವನು ರೆಫರಿಯ ಇನ್ನೊಂದು ಕೈಯಲ್ಲೇ ನಿಂತಿದ್ದ.

ಎಂಬತ್ತೈದರ ಶ್ರಾವಣದಲ್ಲಿ ಬೆಂಗಳೂರಿನಲ್ಲೇ ಅಂತಾರಾಷ್ಟ್ರೀಯ ಟೂರ್ನಿಯೊಂದು ನಿಶ್ಚಯವಾಯಿತು. ಭಾರದ ವರ್ಗಕ್ಕೆ ಹೊರದೇಶದಿಂದ ನಾಲ್ವರು ಬರುವವರಿದ್ದರು. ನಮ್ಮವನೆಂದು ಸೈನ್ಯದ ಚಾಂಪಿಯನ್ ಒಬ್ಬ. ಪಟ್ಟಿ ತೆಳ್ಳಗೆ ಕಾಣುತ್ತದೆಂದು ಊರಿನವರಿಗೆ ಒಂದು ಜಾಗ ಕೊಟ್ಟರು. ಮೂವತ್ತಾರು ತುಂಬಿದ ವೀರಬಸಪ್ಪನ ಹೆಸರು ಹೋಯಿತು.

ಸಂಗವ್ವನಿಗೆ ಈ ಸುದ್ದಿ ಮುಟ್ಟಿದ್ದು ಮನೆಯೊಡತಿ ಮುನಿಯಲ್ಲಮ್ಮನ ಬಾಯಿಂದ. ಅಂದು ರೊಟ್ಟಿ ತಟ್ಟುತ್ತಲೇ ಹೇಳಿದಳು: “ಊರಾಗ ಐತಂತಲ್ರಿ ಈ ಸಲ. ನಾನೂ ಬರತೀನಿ.”

“ಹೆಂಗಸರು ಬರೂ ಜಾಗ ಅಲ್ಲ ಅದು,” ಎಂದ ವೀರಬಸಪ್ಪ.

“ಟಿಕೀಟು ಮಾರಾಕತ್ತಾರಂದ್ರ ಹೆಂಗಸರೂ ಬರತಾರ. ಪೈಲ್ವಾನನ ಮಗಳದೀನಿ, ರಕ್ತಾ ನೋಡಿಲ್ಲೇನು ನಾನು?”

ಅವನು ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟ. ಹುಬ್ಬಳ್ಳಿ, ಜಮ್‌ಶೆಡ್‌ಪುರ, ಕೊಚ್ಚಿಯಲ್ಲಿ ಸೋತದ್ದು ಬೇರೆ. ಅಲ್ಲಿ ನೋಡುವವರು ಅವನಿಗೆ ಏನೂ ಆಗಬೇಕಿರಲಿಲ್ಲ. ಅಂದಿನಿಂದ ಈ ಕೈಯೆತ್ತಿಸಿಕೊಳ್ಳುವ ಆಸೆ ಅವನೊಬ್ಬನದಾಗಿ ಉಳಿಯಲಿಲ್ಲ.

ಆಟದ ದಿನ ಶ್ರಾವಣ ಸೋಮವಾರ ಬಂತು. ಬೆಳಿಗ್ಗೆಯೇ ತೂಕ. ಉಳಿದ ವರ್ಗದವರೆಲ್ಲ ಎರಡು ದಿನದಿಂದ ನೀರು ಬಿಟ್ಟು, ಕಂಬಳಿ ಹೊದ್ದು ಓಡಿ, ಅರ್ಧ ಕಿಲೋ ಇಳಿಸಲು ಜೀವ ತೇಯುತ್ತಿದ್ದರೆ ವೀರಬಸಪ್ಪನದು ಉಲ್ಟಾ ಕಷ್ಟ. ಆಷಾಢದಲ್ಲಿ ಜ್ವರ ಬಂದು ಇಳಿದುಹೋಗಿದ್ದ. ಹಿಂದಿನ ದಿನ ಕಾರ್ಖಾನೆಯ ತಕ್ಕಡಿಯಲ್ಲಿ ನಿಂತರೆ ತೊಂಬತ್ತು ಕಿಲೋ ನೂರು ಗ್ರಾಮು. ತೊಂಬತ್ತೊಂದು ದಾಟದಿದ್ದರೆ ಆಟವೇ ಇಲ್ಲ. ಬುದ್ಧಿ ತಿಳಿದಾಗಿನಿಂದ ಅವನು ಶ್ರಾವಣ ಸೋಮವಾರ ಸಂಜೆ ಪೂಜೆಯವರೆಗೆ ಬಾಯಿಗೆ ಏನೂ ಹಾಕಿದವನಲ್ಲ. ಮೊಯಿನುದ್ದೀನ್ ಹನ್ನೆರಡು ಪಚ್ಚಬಾಳೆ ಹಣ್ಣು, ಒಂದು ಕೊಡಪಾನ ನೀರು ತಂದು ಮುಂದಿಟ್ಟರು.

“ನಿಮ್ಮ ದೇವರು ದೊಡ್ಡೋನು ಬಸಪ್ಪ, ಅರ್ಥ ಮಾಡ್ಕೊಳ್ತಾನೆ. ತಕ್ಕಡಿ ಅರ್ಥ ಮಾಡ್ಕೊಳ್ಳಲ್ಲ. ತಿನ್ನು.”

ಅವನು ಕಣ್ಣು ಮುಚ್ಚಿ ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಹನ್ನೆರಡನ್ನೂ ತಿಂದ. ನೀರು ಗಂಟಲವರೆಗೆ ಬಂತು. ಹಸಿದವನು ತಿನ್ನುವುದು ಒಂದು ಸುಖ, ತೂಕಕ್ಕೆ ತಿನ್ನುವುದು ಒಂದು ಕೂಲಿ. ಮುಳ್ಳು ತೊಂಬತ್ತೊಂದನ್ನು ದಾಟಿ ಇನ್ನೂರು ಗ್ರಾಮಿನ ಹತ್ತಿರ ನಿಂತಿತು. ಪಕ್ಕದ ಸಾಲಿನಲ್ಲಿದ್ದ ರಷ್ಯಾದವನು ನೂರ ಹದಿನೈದು ತೂಗಿ ಆಕಳಿಸಿದ.

ಚೀಟಿ ಎತ್ತಿದರು. ಆರು ಜನರಲ್ಲಿ ಇಬ್ಬರಿಗೆ ಆಡದೆ ಮುಂದೆ ಹೋಗುವ ಅದೃಷ್ಟ. ಹಣೆಬರಹ ನೋಡಿ, ಒಂಬತ್ತು ವರ್ಷ ಬೇಡವೆಂದರೂ ಬಂದಿದ್ದ ಆ ಅದೃಷ್ಟ ಈ ಸಲ ಬರಲಿಲ್ಲ. ಕೀನ್ಯಾದ ಒಬ್ಬನ ಜೊತೆ ಜೋಡಿ ಬಿತ್ತು. ಸೋತರೆ ಕೂತ ಪದಕವೂ ಇಲ್ಲ. ಗೆದ್ದರೆ ಗುರುವಾರ ಆ ಆಕಳಿಸುವವನ ಮುಂದೆ.

ಸಂಜೆ ಸಂಗವ್ವ ಉಪವಾಸದಲ್ಲೇ ಮುನಿಯಲ್ಲಮ್ಮನನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದಳು. ಇಳಕಲ್ ಸೀರೆಯ ಸೆರಗು ಹೊದ್ದು ಏಳನೇ ಸಾಲಿನಲ್ಲಿ ಕೂತಿದ್ದು ಅವನಿಗೆ ರಿಂಗಿನಿಂದಲೇ ಕಂಡಿತು. ಆ ಕಡೆ ನೋಡಬಾರದು ಎಂದುಕೊಂಡ.

ಕೀನ್ಯಾದವನಿಗೆ ಇಪ್ಪತ್ತಮೂರೋ ಇಪ್ಪತ್ನಾಲ್ಕೋ. ಎತ್ತರದ ಆಳು, ಆದರೆ ಊರು ಬಿಟ್ಟು ಬಂದದ್ದು ಇದೇ ಮೊದಲಿರಬೇಕು. ನಮ್ಮ ಶ್ರಾವಣದ ಥಂಡಿಗೆ ಅವನ ಕಾಲು ಮರಗಟ್ಟಿದಂತಿತ್ತು. ಮೊದಲ ಸುತ್ತಿನಲ್ಲಿ ಅವನ ಗುದ್ದುಗಳೆಲ್ಲ ಒಂದು ಗೇಣು ಈಚೆಗೇ ನಿಂತವು. ವೀರಬಸಪ್ಪ ಎಡಗೈ ಚಾಚಿದ, ತಗುಲಿತು. ಮತ್ತೆ ಚಾಚಿದ, ಮತ್ತೆ ತಗುಲಿತು. ಒಂಬತ್ತು ವರ್ಷದ ಬೈಗುಳ ಒಂದು ಸಂಜೆ ಕೈಹಿಡಿಯಿತು. ಎರಡನೇ ಸುತ್ತಿನಲ್ಲಿ ಪಕ್ಕೆಗೆ ಬಿದ್ದ ಒಂದು ಗುದ್ದಿಗೆ ಕೀನ್ಯಾದವನು ಬಾಗಿಹೋದ. ಅವನು ಮುಂದೆ ಆಡಬಲ್ಲನೇ ಎಂದು ನೋಡಲು ರೆಫರಿ ಆಟ ನಿಲ್ಲಿಸಿ ಎಂಟರವರೆಗೆ ಎಣಿಸಿದರು. ಜನ ಎದ್ದು ನಿಂತರು. ವೀರಬಸಪ್ಪನ ಎದುರಾಳಿಗೆ ರೆಫರಿ ಎಣಿಸಿದ್ದನ್ನು ಕಾರ್ಖಾನೆಯ ಯಾರೂ ಹಿಂದೆ ಕಂಡಿರಲಿಲ್ಲ.

ವೀರಬಸಪ್ಪ ಮೂಲೆಯ ಸ್ಟೂಲಿನಲ್ಲಿ ಕೂತ. ಮೊಯಿನುದ್ದೀನ್ ಅವನ ಮುಖಕ್ಕೆ ನೀರು ಎರಚುವ ಆತುರದಲ್ಲಿ ಅರ್ಧ ಬಕೆಟ್ಟನ್ನು ಕ್ಯಾನ್ವಾಸಿನ ಮೇಲೇ ಚೆಲ್ಲಿದರು. “ಗೆದ್ದಾಯ್ತು ಬಸಪ್ಪ. ಮೂರು ನಿಮಿಷ ದೂರ ನಿಂತ್ಕೋ, ಅಷ್ಟೇ. ಗುರುವಾರದ್ದು ಗುರುವಾರ ನೋಡ್ಕೊಳ್ಳೋಣ.”

ರಾಮಕೃಷ್ಣಪ್ಪನವರೂ ಹಗ್ಗದ ಹತ್ತಿರ ಬಂದಿದ್ದರು. ಅವರ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ. “ಪೈಲ್ವಾನ್ರೇ, ಏನ್ ಸಮಾಚಾರ ಇದು. ಇನ್ನ ನಿಮ್ಮನ್ನ ಬಿಡೋ ಮಾತೇ ಇಲ್ಲ. ಇನ್ನೂ ಎರಡು ವರ್ಷ ಆಡಿಸ್ತೀನಿ ನಿಮ್ಮನ್ನ,” ಎಂದರು.

ಮೂರನೇ ಸುತ್ತಿನಲ್ಲಿ ಎರಡು ನಿಮಿಷ ಕಳೆದಿತ್ತು. ಹಿಂದೆ ಸರಿಯುತ್ತಿದ್ದ ವೀರಬಸಪ್ಪನ ಕಾಲು ಆ ಚೆಲ್ಲಿದ ನೀರಿನ ಮೇಲೆ ಬಿತ್ತು, ಜಾರಿತು. ಗುದ್ದು ಏನೂ ಬಿದ್ದಿರಲಿಲ್ಲ. ಅವನು ಅಂಗಾತ ಬಿದ್ದ. ಎರಡೂ ಭುಜ ನೆಲಕ್ಕೆ ಹತ್ತಿದವು. ರೆಫರಿ ಕೂಡಲೇ ಎರಡು ಕೈ ಆಡಿಸಿ, ಇದು ಬರೀ ಜಾರಿದ್ದು, ಲೆಕ್ಕಕ್ಕಿಲ್ಲ, ಏಳು ಎಂದು ಸನ್ನೆ ಮಾಡಿದರು.

ಅವನು ಎರಡು ಉಸಿರು ಹಾಗೇ ಮಲಗಿದ್ದ. ಆಮೇಲೆ ಎದ್ದ. ನೆಟ್ಟಗೆ ಕೀನ್ಯಾದವನ ಹತ್ತಿರ ಹೋದ, ಅವನ ಬಲಗೈಯ ಗ್ಲೌಸನ್ನು ತನ್ನ ಎರಡೂ ಗ್ಲೌಸುಗಳ ನಡುವೆ ಹಿಡಿದ, ಮತ್ತು ಜನರ ಕಡೆಗೆ ತಿರುಗಿ ಮೇಲಕ್ಕೆತ್ತಿದ.

ಕೀನ್ಯಾದವನು ಪಿಳಿಪಿಳಿ ಕಣ್ಣು ಬಿಟ್ಟ. ರೆಫರಿ ಇಂಗ್ಲಿಷಿನಲ್ಲಿ ಏನೋ ಕೇಳಿದರು, ಕೈಸನ್ನೆಯಲ್ಲೂ ಕೇಳಿದರು, ಆಡುವುದಿಲ್ಲವೇ ಎಂದು. ವೀರಬಸಪ್ಪ ಇಲ್ಲವೆಂದು ತಲೆಯಾಡಿಸಿ ತನ್ನ ಮೂಲೆಗೆ ಬಂದು, ಗ್ಲೌಸಿನ ದಾರ ಬಿಚ್ಚಲು ಮೊಯಿನುದ್ದೀನರ ಮುಂದೆ ಕೈ ಚಾಚಿದ. ಆಮೇಲೆ ನಗು ಶುರುವಾಯಿತು, ಗ್ಯಾಲರಿಯಿಂದ ಗ್ಯಾಲರಿಗೆ ಹಬ್ಬಿತು.

“ಅದು ಸ್ಲಿಪ್ಪು ಕಣಪ್ಪ,” ಎಂದರು ಮೊಯಿನುದ್ದೀನ್. ಬೈಯಲೂ ಅವರಲ್ಲಿ ಶಕ್ತಿಯಿರಲಿಲ್ಲ. “ನಿಂತಿದ್ರೆ ಸಾಕಾಗಿತ್ತು. ಸುಮ್ನೆ ನಿಂತಿದ್ರೆ ಸಾಕಾಗಿತ್ತು ಬಸಪ್ಪ.” ದಾರ ಬಿಚ್ಚಿ ಮುಗಿದ ಮೇಲೂ ಅವನ ಕೈಯನ್ನು ಅವರು ಬಿಡಲಿಲ್ಲ.

ರಾಮಕೃಷ್ಣಪ್ಪ ಮೂರು ದಿನ ಅವನ ಮುಖ ನೋಡಲಿಲ್ಲ. ನಾಲ್ಕನೇ ದಿನ ಕರೆಸಿ, ಟೀಮಿನಿಂದ ಹೆಸರು ತೆಗೆದಿದೆ, ಇನ್ನು ಕುಲುಮೆ ಕೆಲಸ ಮಾತ್ರ ನೋಡಿಕೊಂಡಿರಿ ಎಂದರು. ಅವನು ಹೊರಗೆ ಹೋಗುವಾಗ, “ಹಳೇ ಮಣ್ಣಿನ ಗುಣ ಹೋಗ್ಲಿಲ್ಲ ನೋಡಿ,” ಎಂದು ತಮಗೆ ತಾವೇ ಹೇಳಿಕೊಂಡರು. ಕಾರ್ಖಾನೆಯಲ್ಲಿ ಎಲ್ಲರೂ ಹೇಳಿದ್ದು ಅದನ್ನೇ. ಪಾಪ, ಕುಸ್ತಿಯವನು, ಬೆನ್ನು ನೆಲಕ್ಕೆ ಹತ್ತಿದ ಕೂಡಲೇ ಸೋತೆ ಅಂದುಕೊಂಡ. ಮೊದಲೆರಡು ದಿನ ನಗುತ್ತ ಹೇಳುತ್ತಿದ್ದವರು ಆಮೇಲಾಮೇಲೆ ಒಂದು ಬಗೆಯ ಗೌರವದಿಂದ ಹೇಳತೊಡಗಿದರು. ಹದಿನಾಲ್ಕು ಪದಕ ತರದ ಮರ್ಯಾದೆಯನ್ನು ಒಂದು ಸೋಲು ತಂದುಕೊಟ್ಟಿತು. ವೀರಬಸಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಇನ್ನು ಸಂಗವ್ವ. ಅಂದು ಮೂವರೂ ಬಸ್ಸಿನಲ್ಲಿ ಮನೆಗೆ ಬರುವಾಗ ಮುನಿಯಲ್ಲಮ್ಮ, “ಇಂಗ್ಯಾಕೆ ಮಾಡ್ಬುಟ್ಟೆ ಬಸಣ್ಣ, ಗೆದ್ದಿದ್ಯಲ್ಲೋ,” ಎಂದು ಹಣೆ ಚಚ್ಚಿಕೊಂಡರೆ, ಸಂಗವ್ವ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

“ಬೆನ್ನು ಹತ್ತಿತ್ತು. ನಾ ನೋಡೀನಿ,” ಎಂದಳು. “ಎರಡೂ ಭುಜ ಹತ್ತಿದ್ವು. ಅವರ ಆಟದಾಗ ಏನರ ಇರಲಿ, ಚಿತ್ ಅಂದ್ರ ಚಿತ್. ಅಷ್ಟು ಮಂದ್ಯಾಗ ತಾವ ಕೈ ಎತ್ತಿ ಕೊಟ್ರು. ಊರಿಂದ ನಮ್ಮಪ್ಪ ಬಂದು ನೋಡಿದ್ರ ಎದಿಗಪ್ಪಿಕೊಳ್ತಿದ್ದ.”

ಮರುದಿನವೇ ವಠಾರದ ಹುಡುಗಿಯೊಬ್ಬಳ ಕೈಲಿ ತಂದೆಗೆ ಕಾಗದ ಬರೆಸಿ ಡಬ್ಬಿಗೆ ಹಾಕಿದಳು. ಗಂಡನ ಮೇಲೆ ಅವಳಿಗೆ ಅಷ್ಟು ಅಭಿಮಾನ ಉಕ್ಕಿದ್ದನ್ನು ವೀರಬಸಪ್ಪ ಮದುವೆಯಾದಾಗಿನಿಂದ ಕಂಡಿರಲಿಲ್ಲ. ಆ ಅಭಿಮಾನ ಅವನಿಗೆ ಕುಲುಮೆಗಿಂತ ಹೆಚ್ಚು ಸುಟ್ಟಿತು. ಸುಳ್ಳಿನ ಅನ್ನ ಆರು ದಿನ ಉಂಡ.

ಭಾನುವಾರ ಎಣ್ಣೆ ಸ್ನಾನ. ಹಿತ್ತಲಿನ ಬಚ್ಚಲ ಮುಂದೆ ಅವನನ್ನು ಮಣೆಯ ಮೇಲೆ ಕೂರಿಸಿ, ಸಂಗವ್ವ ಬಿಸಿ ಎಣ್ಣೆ ಹಚ್ಚಿ ಬೆನ್ನು ತಿಕ್ಕುತ್ತಿದ್ದಳು. ಬೆಳಿಗ್ಗೆಯ ಓಟವಿಲ್ಲದ ಮೊದಲ ವಾರ ಅದು.

“ಸಂಗಿ,” ಎಂದ ಅವನು, ಮುಂದೆ ನೋಡುತ್ತಲೇ. “ಅದು ಚಿತ್ ಅಲ್ಲ ಅಂತ ನನಗ ಗೊತ್ತಿತ್ತು.”

ಅವಳ ಕೈ ನಿಂತಿತು. “ಏನಂದ್ರಿ?”

“ಒಂಬತ್ತು ವರ್ಷ ಆಡೀನಿ. ಕಾಲು ಜಾರಿ ಬಿದ್ರ ಸೋತಂಗಲ್ಲ ಅಂತ ತಿಳೀದೇನು? ತಿಳಿದಿತ್ತು. ರೆಫರಿ ಏಳು ಅಂದದ್ದೂ ಕೇಳಿಸ್ತು. ಬಿದ್ದಾಗ ನೆಲ ತಣ್ಣಗಿತ್ತು. ಹಂಗ ಮಕ್ಕೊಂಡಿರಬೇಕು ಅನಿಸ್ತು. ಎದ್ದು ನಿಂತ್ರ ಗೆಲ್ಲತೀನಿ, ಗೆದ್ರ ಗುರುವಾರ ಮತ್ತ ಬರಬೇಕು, ಅದು ಮುಗದ ಮ್ಯಾಲ ಇನ್ನೆರಡು ವರ್ಷ. ನಿಮ್ಮಪ್ಪನ ಪದ್ಧತಿ ನೆಪಕ್ಕ ಸಿಕ್ತು. ಕೈ ಎತ್ತಿ ಕೊಟ್ಟು ಬಂದೆ.”

ಬೇಲಿಯಾಚೆ ಮುನಿಯಲ್ಲಮ್ಮ ಹಸುವಿಗೆ ಹುಲ್ಲು ಹಾಕುತ್ತ ಅದರ ಜೊತೆ ಮಾತಾಡುತ್ತಿದ್ದಳು.

“ಅಪ್ಪಗ ಕಾಗದ ಹಾಕೀನಿ,” ಎಂದಳು ಕೊನೆಗೆ. “ನಿನ್ನ ಅಳಿಯಾ ಗರಡಿ ಮರ್ಯಾದಿ ಉಳಿಸಿದಾ ಅಂತ ಬರಸೀನಿ.”

“ಗೊತ್ತೈತಿ.”

ಅವನು ಬೈಗುಳಕ್ಕೆ ಕಾದ. ಹೆಗಲು ಬಿಗಿ ಹಿಡಿದು ಕೂತಿದ್ದ. ಬೈದರೆ ಹಗುರವಾಗುತ್ತೇನೆ ಎಂದೂ ಅನ್ನಿಸಿತ್ತು.

“ಅಷ್ಟು ದಣಿದಿದ್ರೇನ್ರಿ?” ಎಂದು ಕೇಳಿದಳು ಅವಳು.

ಒಂಬತ್ತು ವರ್ಷದಲ್ಲಿ ಈ ಮಾತನ್ನು ಯಾರೂ ಅವನಿಗೆ ಕೇಳಿರಲಿಲ್ಲ. “ಹೂಂ,” ಎಂದ.

“ನನಗರ ಒಂದು ಮಾತು ಹೇಳಬಾರದಿತ್ತ?”

“ಪೈಲ್ವಾನನ ಮಗಳು ನೀನು. ನಿನ್ನ ಮುಂದ ಹೆಂಗ ಹೇಳಲಿ?”

ಸಂಗವ್ವ ಬಟ್ಟಲಿನಿಂದ ಇನ್ನಷ್ಟು ಎಣ್ಣೆ ಸುರುವಿಕೊಂಡು ಅವನ ಹೆಗಲಿಗೆ ಹಚ್ಚಿದಳು. ಬಿಗಿದುಕೊಂಡಿದ್ದ ಹೆಗಲು ಸಡಿಲಾಗುವವರೆಗೆ ತಿಕ್ಕಿದಳು.

“ನಮ್ಮಪ್ಪನೂ ದಣೀತಿದ್ದ,” ಎಂದಳು. “ನಮ್ಮವ್ವಗ ಹೇಳತಿದ್ದ.”